ನೇತ್ರಾಣಿಯ ಹರಕೆ ಹೋತ

ನನ್ನ ಹೆಸರಿನಲ್ಲಿ ಹರಕೆ ಹೊತ್ತವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ ಅನ್ನಿ. ಹದಿನೈದನೆಯ ವಯಸ್ಸಿನಲ್ಲಿ ಇಪ್ಪತ್ತೊಂದು ದಿನ ಜ್ವರ ಹಿಡಿದು ಮಲಗಿದ್ದೆ. ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ, ಶರಾವತಿ ದಾಟಿಸಿ, ಹೊನ್ನಾವರದ ವೈದ್ಯರ ಹತ್ತಿರ ಎರಡು ಸಲ ಒಯ್ದಿದ್ದ. ಎರಡನೆಯ ಸಲ ವೈದ್ಯರು ಔಷಧಿಯ ಬಾಟಲಿ ಕೊಟ್ಟು ಮುಖ ಆಚೆ ತಿರುಗಿಸಿದರಂತೆ. ಆ ಸಂಜೆ ಅಮ್ಮ ನಮ್ಮೂರು ಮಂಕಿಯ ಕಡಲ ದಂಡೆಯಲ್ಲಿ ನಿಂತು, ಪಡುವಣಕ್ಕೆ ಕೈಮುಗಿದು, ಮಗಳು ಉಳಿದರೆ ನೇತ್ರಾಣಿಗೆ ಒಂದು ಹೋತ ಬಿಡುತ್ತೇನೆ ಎಂದಳು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಔಷಧಿಯಿಂದಲೇ ಇಳಿಯಿತೆಂದು ನಾನು ಮುದುಕಿಯಾದ ಮೇಲೂ ಹೇಳುತ್ತೇನೆ. ಆದರೆ ಬಾಟಲಿಗೆ ಯಾರೂ ಹೋತ ಬಿಡುವುದಿಲ್ಲವಲ್ಲ!

ನೇತ್ರಾಣಿ ಎಂದರೆ ಭಟ್ಕಳದ ದಿಕ್ಕಿಗೆ, ನಡುಗಡಲಲ್ಲಿ ಎದ್ದು ನಿಂತ ಒಂದು ಗುಡ್ಡ. ಮಳೆ ಕಳೆದು ಆಕಾಶ ತಿಳಿಯಾದ ದಿನಗಳಲ್ಲಿ ನಮ್ಮ ದಂಡೆಯಿಂದಲೂ ಮಸುಕಾಗಿ ಕಾಣುತ್ತಿತ್ತು. ಅಲ್ಲಿ ಮನುಷ್ಯರ ವಾಸವಿಲ್ಲ. ಮರದ ಬುಡದಲ್ಲೊಂದು ಕಲ್ಲಿನ ದೇವರು, ಅಷ್ಟೇ. ಕಡಲಿಗೆ ಇಳಿಯುವ ಮನೆಗಳವರೆಲ್ಲ ಆ ದೇವರಿಗೆ ನಡೆದುಕೊಳ್ಳುತ್ತಿದ್ದೆವು. ಅದಕ್ಕೆ ಹೋತವನ್ನು ಕಡಿಯುವ ಪದ್ಧತಿ ಇಲ್ಲ, ಜೀವಂತ ಒಯ್ದು ಗುಡ್ಡದ ಮೇಲೆ ಬಿಟ್ಟು ಬರುವುದು. ಬಿಟ್ಟ ಮೇಲೆ ಅದು ದೇವರದ್ದು. ಅಲ್ಲಿಂದ ಹೋತ ಹಾಗಿರಲಿ, ಒಂದು ಎಲೆಯನ್ನೂ ತರಬಾರದು.

ಹರಕೆಯ ಮರಿಯನ್ನು ಹರಕೆ ಯಾರ ಹೆಸರಿನದೋ ಅವರೇ ಸಾಕಬೇಕು. ಅದಕ್ಕೆ ಹೆಸರಿಡಬಾರದು, ಇಟ್ಟರೆ ಅದು ಮನೆಯದಾಗಿಬಿಡುತ್ತದೆ ಎಂದು ಅಜ್ಜಿ ಎಚ್ಚರಿಸಿದ್ದಳು. ನಾನು ಹೆಸರಿಡಲಿಲ್ಲ. "ಬಾ" ಅಂದರೆ ಬರುತ್ತಿತ್ತು, ಹೆಸರು ಎಂತಕ್ಕೆ? ಕಂದು ಬಣ್ಣ, ಒಂದು ಕಿವಿ ಮಾತ್ರ ಬಿಳಿ. ನಮ್ಮದು ದಂಡೆಯ ಮೇಲಿನ ಮನೆ, ಹುಲ್ಲು ಹುಟ್ಟುವ ಜಾಗವಲ್ಲ. ಅದು ಬೆಳೆದದ್ದೆಲ್ಲ ಮರಳಿನಲ್ಲಿ, ಎಳೆದಿಟ್ಟ ದೋಣಿಗಳ ನೆರಳಿನಲ್ಲಿ. ಅಪ್ಪ ಮೀನಿಗೆ ಹೋಗುವಾಗ ಅಲ್ಯುಮಿನಿಯಂ ತಪ್ಪಲೆಯಲ್ಲಿ ಗಂಜಿ ಒಯ್ಯುತ್ತಿದ್ದ. ದಂಡೆಗೆ ಬಂದೊಡನೆ ತಪ್ಪಲೆಯ ಮುಚ್ಚಳ ಬಡಿದು ಸದ್ದು ಮಾಡಿದರೆ ಹೋತ ಎಲ್ಲಿದ್ದರೂ ಓಡಿ ಬಂದು ದೋಣಿಗೆ ಹಾರುತ್ತಿತ್ತು. ತಳದಲ್ಲಿ ಉಳಿದ ಗಂಜಿ ಅದರದ್ದು. ನಿತ್ಯವೂ ಇದೇ ಆಟ. ನೋಡಿದವರೆಲ್ಲ ನಗುತ್ತಿದ್ದರು. ದ್ವೀಪದ ಮೇಲೆ ಬಿಡಬೇಕಾದ ಪ್ರಾಣಿಗೆ ನಾವು ದೋಣಿಯನ್ನೇ ಕೊಟ್ಟಿಗೆ ಮಾಡಿ ಕೊಡುತ್ತಿದ್ದೇವೆ ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಮುಂಬಯಿ ಪ್ರಾಂತ್ಯ ಹೋಗಿ ನಾವು ಮೈಸೂರು ರಾಜ್ಯದವರಾಗಿ ನಾಲ್ಕೈದು ವರ್ಷವಾಗಿರಬೇಕು. ಶಿವರಾತ್ರಿ ಕಳೆದು ಕಡಲು ತಣ್ಣಗೆ ಮಲಗಿದ್ದ ದಿನಗಳು. ಒಪ್ಪಿಸುವ ದಿನ ಗೊತ್ತಾಯಿತು. ನಮ್ಮ ದೋಣಿಯ ತಾಂಡೇಲ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಚುಕ್ಕಾಣಿ ಅವನದ್ದು, ಮಾತೂ ಅವನದ್ದೇ. ಹೆಂಗಸರು ದಂಡೆಯಲ್ಲೇ ಹೋತದ ಹಣೆ ಮುಟ್ಟಿ ಕಳಿಸುವುದು, ಗಂಡಸರು ಒಯ್ದು ಬಿಡುವುದು ರೂಢಿ. ನಾನು ದೋಣಿಯ ಹತ್ತಿರ ಹೋಗಿ, ನಾನೂ ಬರುತ್ತೇನೆ ಎಂದೆ.

ಭಕ್ತಿಯಿಂದಲ್ಲ. ಅಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಲ್ಲ ಎಂದು ಯಾರೋ ಆಡಿದ ಮಾತು ಕಿವಿಗೆ ಬಿದ್ದಿತ್ತು. ಒಂದು ವರ್ಷ ಕೈಯಾರೆ ಸಾಕಿದ್ದನ್ನು ನೀರಿಲ್ಲದ ಬಂಡೆಯ ಮೇಲೆ ಬಿಟ್ಟು ಬರುತ್ತಾರೋ ಏನೋ ನನಗೆ ಗೊತ್ತಾಗಬೇಕಿತ್ತು.

"ಹೆಣ್ಣು ಹತ್ತಿದ ದೋಣಿಗೆ ಮೀನು ಬೀಳೂದಿಲ್ಲ. ನಿಂಗೆ ಗೊತ್ತಿಲ್ವಾ?" ದೊಡ್ಡಪ್ಪ ಬೀಡಿಯ ಹೊಗೆಯ ನಡುವಿನಿಂದ ಅಂದ.

"ನೀವು ಮೀನು ಹಿಡಿಯೂಕೆ ಹೋಗೂದಾ, ಹರಕೆ ಒಪ್ಸೂಕೆ ಹೋಗೂದಾ?"

"ಹರಕೆಗೆ."

"ಹಂಗಾರೆ ದೋಣಿಲಿ ಬಲೆ ಎಂತಕ್ಕೆ?"

ಅವನ ಬಾಯಿಯಿಂದ ಬೀಡಿ ಹೊರಬಂತು. ಹರಕೆಗೆ ಹೋದವರು ಬರುವಾಗ ಎರಡು ಬಲೆ ಬೀಸಿ ಬರುವುದೂ ರೂಢಿಯೇ. ಅದನ್ನು ನಾನು ಬಾಯಿಬಿಟ್ಟು ಕೇಳಿದ್ದು ಅವನಿಗೆ ಕಹಿಯಾಯಿತು. "ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಟ ಇರಬಾರದು" ಎಂದ. ಚಟ ಅವನ ಬೆರಳ ಸಂದಿಯಲ್ಲೇ ಉರಿಯುತ್ತಿತ್ತು, ಅದನ್ನು ನಾನು ತೋರಿಸಿದೆ. ಅಪ್ಪ ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದ. ಅವನು ಅಣ್ಣನ ಎದುರು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕಂಡೇ ಇರಲಿಲ್ಲ. ಕೊನೆಗೆ ಅಜ್ಜಿ ಜಗಲಿಯಿಂದ ಕೂಗಿದಳು:

"ಬಲೆ ಇಳ್ಸು, ಹೆಣ್ಣನ್ನ ಹತ್ಸು. ಹರಕೆ ಯಾರ ಹೆಸ್ರಿಂದೋ ಅವ್ಳೇ ಹೋಗ್ಲಿ. ಆತಲ್ಲ?"

ಅಜ್ಜಿಯ ಮಾತು ಮೀರುವ ಮಗ ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ಬಲೆ ಇಳಿಯಿತು, ನಾನು ಹತ್ತಿದೆ. ಹುಟ್ಟು ದಾಟಬೇಡ, ಚುಕ್ಕಾಣಿ ಮುಟ್ಟಬೇಡ, ದೋಣಿಯ ಮುಂದಲೆಯಲ್ಲಿ ಬೆನ್ನು ಹಾಕಿ ಕೂತುಕೋ ಎಂದು ದೊಡ್ಡಪ್ಪ ಅಪ್ಪಣೆ ಕೊಡಿಸಿದ. ಬೆನ್ನು ಹಾಕಿ ಎಂದರೆ ಅವನಿಗೆ ಬೆನ್ನು ಎಂದು ನಾನು ತಿಳಿದುಕೊಂಡು ಕಡಲಿಗೆ ಮುಖ ಮಾಡಿ ಕೂತೆ.

ಹೊರಟಾಗ ಬೆಳ್ಳಿ ಮೂಡಿತ್ತು. ಬೆಳಗಿನ ಮೂಡಗಾಳಿ ಘಟ್ಟದಿಂದ ಇಳಿದು ದೋಣಿಯನ್ನು ಹೊರಗೆ ದೂಡುತ್ತದೆ, ಮಧ್ಯಾಹ್ನ ತಿರುಗಿದ ಪಡುಗಾಳಿ ಮನೆಗೆ ತರುತ್ತದೆ. ಹಾಯಿ ಕಟ್ಟುವ ಚಿಕ್ಕ ದೋಣಿಗಳ ಬದುಕು ಈ ಎರಡು ಗಾಳಿಗಳ ನಡುವಿನದು. ಬೆಳಕು ಹರಿದಾಗ ತಿರುಗಿ ನೋಡಿದೆ. ಅಪ್ಸರಕೊಂಡದ ಗುಡ್ಡ ಬೆರಳಷ್ಟಾಗಿತ್ತು, ಅದರ ಹಿಂದೆ ನಾನು ಎಂದೂ ಕಾಣದ ಘಟ್ಟಗಳು ಒಂದರ ಮೇಲೊಂದು ಎದ್ದಿದ್ದವು. ಹದಿನಾರು ವರ್ಷ ನೆಲದಿಂದ ಕಡಲನ್ನು ನೋಡಿದ್ದೆ, ಕಡಲಿನಿಂದ ನೆಲವನ್ನು ನೋಡಿದ್ದು ಅವತ್ತೇ. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಅಮ್ಮ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಬಂಗಡೆ ಹೊರಲು ಹೆಣ್ಣಿನ ತಲೆ ಆಗುತ್ತದೆ, ಬಂಗಡೆ ಆಡುವ ಜಾಗ ನೋಡಲು ಹೆಣ್ಣಿನ ಕಣ್ಣು ಆಗುವುದಿಲ್ಲವಂತೆ!

ದೋಣಿಯ ಮುಂದೆ ಹಾರುಮೀನುಗಳು ಎದ್ದವು. ಬೆಳ್ಳಗೆ ಮಿನುಗಿ, ಹತ್ತಿಪ್ಪತ್ತು ಮಾರು ಗಾಳಿಯಲ್ಲೇ ಹೋಗಿ ಮತ್ತೆ ಮುಳುಗಿದವು. ಒಂದು ತಪ್ಪಿ ದೋಣಿಯೊಳಗೆ ಬಿತ್ತು. ಹೋತ ಅದನ್ನು ಮೂಸಿ ಸೀನಿತು. "ಮೀನು ಬೀಳೂದಿಲ್ಲ ಅಂದ್ಯಲ್ಲ ದೊಡ್ಡಪ್ಪಾ" ಎಂದೆ. ಅವನು ಕೇಳಿಸದವನಂತೆ ಹಾಯಿ ನೋಡಿದ. ಅಪ್ಪ ಮೀನನ್ನು ಎತ್ತಿ ಅದರ ರೆಕ್ಕೆ ಬಿಡಿಸಿ ನನಗೆ ತೋರಿಸಿ, ಮೆಲ್ಲಗೆ ನೀರಿಗೆ ಬಿಟ್ಟ. ಆಮೇಲೆ ಎಡಕ್ಕೆ ಹಂದಿಮೀನುಗಳ ಹಿಂಡು ಬಂತು, ಈಗಿನವರು ಡಾಲ್ಫಿನ್ ಎನ್ನುತ್ತಾರಲ್ಲ, ಅವು. ಪುಸ್ ಎಂದು ಉಸಿರು ಬಿಟ್ಟು, ಬೆನ್ನು ತೋರಿಸಿ, ದೋಣಿಯ ಜೊತೆಗೇ ಬಂದವು. ಒಂದರ ಪಕ್ಕದಲ್ಲಿ ಅದರ ಮರಿಯೂ ಇತ್ತು, ತಾಯಿ ಏಳುವಾಗ ಏಳುತ್ತಿತ್ತು, ಮುಳುಗುವಾಗ ಮುಳುಗುತ್ತಿತ್ತು. ಹಳದಿ ಕಪ್ಪು ಪಟ್ಟೆಯ ಕಡಲ ಹಾವೊಂದು ನೀರ ಮೇಲೆ ಬಿಸಿಲು ಕಾಯಿಸುತ್ತಿತ್ತು, ಆಮೆಯೊಂದು ತಲೆ ಎತ್ತಿ ನಮ್ಮನ್ನು ನೋಡಿ ಬೇಸರಗೊಂಡು ಒಳಗೆ ಹೋಯಿತು.

ಹೊತ್ತು ಏರಿದಾಗ ಗಂಜಿ ಉಂಡೆವು, ಒಣಮೀನಿನ ಚಟ್ನಿ ನೆಂಚಿಕೊಂಡು. ತಳದಲ್ಲಿ ಉಳಿದದ್ದನ್ನು ಹೋತಕ್ಕೆ ಸುರಿದೆ. ಅದರ ಕೊನೆಯ ಗಂಜಿ ಎಂದುಕೊಂಡು ತಳವನ್ನು ಬೆರಳಿನಿಂದ ಬಳಿದು ಹಾಕಿದೆ. ದೊಡ್ಡಪ್ಪ ತಪ್ಪಲೆಯನ್ನು ಕಡಲ ನೀರಿನಲ್ಲಿ ಗಲಬರಿಸಿ, ಮುಚ್ಚಳ ಹಾಕಿ, ಅಪ್ಪನ ಕಾಲ ಬಳಿ ಇಟ್ಟ.

ನೇತ್ರಾಣಿಗೆ ದಂಡೆ ಇಲ್ಲ. ಸುತ್ತ ಕಡಿದಾದ ಬಂಡೆ, ಬುಡದಲ್ಲಿ ಕತ್ತಿಯಂಥ ಚಿಪ್ಪುಗಳು. ತೆರೆ ದೋಣಿಯನ್ನು ಎತ್ತಿದಾಗ ಹಾರಿ ಬಂಡೆ ಹಿಡಿಯಬೇಕು, ತಪ್ಪಿದರೆ ಚಿಪ್ಪಿಗೆ ಮೈ ಒಪ್ಪಿಸಬೇಕು. ನೀರು ಎಷ್ಟು ತಿಳಿಯಾಗಿತ್ತೆಂದರೆ ಆಳದ ಕಲ್ಲೂ ಕಾಣುತ್ತಿತ್ತು. ಜೇನುಹುಟ್ಟಿನ ಹಾಗೆ ತೂತು ಬಿದ್ದ ಕಲ್ಲುಗಳ ನಡುವೆ ಹಸಿರು, ನೀಲಿ, ಹಳದಿ ಮೀನುಗಳು. ಸಂತೆಗೆ ಎಂದೂ ಬಾರದ ಮೀನುಗಳು. ಅಪ್ಪ ಮೊದಲು ಹಾರಿದ, ದೊಡ್ಡಪ್ಪ ಹೋತವನ್ನು ಎತ್ತಿ ಕೊಟ್ಟ. ನನಗೆ ಅಪ್ಪ ಕೈ ಚಾಚಿದ, ನಾನು ಕೈ ಹಿಡಿಯದೆ ಹಾರಿದೆ. ಮೊಣಕಾಲು ಕೆತ್ತಿ ಹೋಯಿತು. ಆ ಕಲೆ ಈಗಲೂ ಇದೆ. ದೊಡ್ಡಪ್ಪ ದೋಣಿ ನೋಡಿಕೊಂಡು ಕೆಳಗೇ ಉಳಿದ.

ಮೇಲೆ ಹತ್ತಿದ್ದು ಅಪ್ಪ, ನಾನು, ಹೋತ. ಕಲ್ಲಿನ ಬಿರುಕಿನಿಂದ ಗುಬ್ಬಿಗಿಂತ ಚಿಕ್ಕ ಕರಿಹಕ್ಕಿಗಳು ಸರ್ರನೆ ಹೊರಟು ಸರ್ರನೆ ಒಳಗೆ ಹೋಗುತ್ತಿದ್ದವು. ಕಾಡುಪಾರಿವಾಳಗಳು ಗುಂಪಾಗಿ ಎದ್ದವು. ಎತ್ತರದ ಮರದಲ್ಲಿ, ನಮ್ಮ ಅಡಿಗೆಮನೆಯಷ್ಟು ಅಗಲದ ಸೌದೆಯ ಗೂಡು. ಅದರ ಅಂಚಿನಲ್ಲಿ ಬಿಳಿ ಹೊಟ್ಟೆಯ ದೊಡ್ಡ ಹದ್ದು ಕೂತು ನಮ್ಮನ್ನೇ ದಿಟ್ಟಿಸುತ್ತಿತ್ತು. ಮರದ ಕೆಳಗೆ ಕಡಲ ಹಾವುಗಳ ಬೆನ್ನೆಲುಬುಗಳು ಮಣಿಸರದಂತೆ ಚೆಲ್ಲಿದ್ದವು. ಇಷ್ಟೆಲ್ಲ ಇಲ್ಲಿ ಇರುವಾಗ ಗಂಡಸರು ಮನೆಗೆ ಬಂದು ಏನು ಹೇಳುತ್ತಿದ್ದರು? "ಎಂತ ಇದ್ದು ಅಲ್ಲಿ, ಕಲ್ಲು" ಅನ್ನುತ್ತಿದ್ದರು.

ದೇವರ ಮುಂದೆ ಅಪ್ಪ ತೆಂಗಿನಕಾಯಿ ಒಡೆದ. ನಾನು ನೀರು ಹುಡುಕಲು ಹೋದೆ. ಬಂಡೆಯ ಮೇಲೊಂದು ಕುಳಿ ಇತ್ತು. ಮಳೆಗಾಲದ ನೀರು ಇಂಗಿ, ಪಾಚಿ ಒಣಗಿ, ನಡುವೆ ಒಂದು ಬೊಗಸೆಯಷ್ಟು ಹಸಿರು ರಾಡಿ ಉಳಿದಿತ್ತು. ಅದರ ಬದಿಯಲ್ಲಿ ಮೂರು ಆಡುಗಳ ಎಲುಬು. ಒಂದರ ಕತ್ತಿನಲ್ಲಿ ಹರಕೆಯ ಕೆಂಪು ದಾರ ಇನ್ನೂ ಇತ್ತು. ಆಚೆ ಬಂಡೆಯ ತುದಿಯಿಂದ ಉದ್ದ ಕೂದಲಿನ ಎರಡು ಹಳೆಯ ಹೋತಗಳು, ಪಕ್ಕೆಲುಬು ಎಣಿಸುವಷ್ಟು ಬಡವಾದವು, ನನ್ನನ್ನು ನೋಡಿದವು.

ಅಪ್ಪನನ್ನು ಕರೆದು ತೋರಿಸಿದೆ. "ಇದನ್ನ ಕುಡೀತದಾ?"

"ಇಬ್ಬನಿ ನೆಕ್ಕಿ ಬದುಕ್ತವೆ ಅಂತಾರೆ."

"ಅಂತಾರೆ ಅಂದ್ರೆ ಯಾರು? ಕಂಡವ್ರು ಯಾರು?"

ಅಪ್ಪ ಎಲುಬುಗಳನ್ನೇ ನೋಡುತ್ತ ನಿಂತ. ಅವನು ಎಷ್ಟೋ ಸಲ ಅಲ್ಲಿಗೆ ಬಂದವನು, ಆದರೆ ದೇವರ ಕಲ್ಲಿನಿಂದ ಆಚೆ ಯಾರೂ ಹೋಗುವುದಿಲ್ಲ. ಹೋಗದಿದ್ದರೆ ಕಾಣುವುದೂ ಇಲ್ಲ. ಕೆಳಗಿನಿಂದ ದೊಡ್ಡಪ್ಪ ಗಾಳಿ ತಿರುಗುತ್ತಿದೆ ಎಂದು ಕೂಗಿದ. ಅಪ್ಪ ಹಣೆ ಒರೆಸಿಕೊಂಡು, "ಒಪ್ಸಿ ಆತಲ್ಲ ಮಗಾ. ನಿನ್ನ ಜೀವಕ್ಕೆ ಹೊತ್ತದ್ದು. ಬಿಡದಿದ್ರೆ ಹೆಂಗೆ?" ಎಂದ. ಇಪ್ಪತ್ತೊಂದು ದಿನ ನನ್ನ ತಲೆದೆಸೆಯಲ್ಲಿ ಕೂತವನು ಅವನು. ಹೋತದ ಹಣೆ ಮುಟ್ಟಿದೆ, ಹಗ್ಗ ಬಿಚ್ಚಿದೆ. ತಿರುಗಿ ನೋಡದೆ ಇಳಿಯಬೇಕಂತೆ. ನಾನು ಹೆಜ್ಜೆಗೊಮ್ಮೆ ತಿರುಗಿ ನೋಡಿದೆ. ಅದು ನನ್ನ ಹಿಂದೆ ಬಂದು ಅರ್ಧಕ್ಕೆ ಒಂದು ಪೊದೆಯ ಎಲೆಗೆ ಬಾಯಿ ಹಾಕಿ ನಿಂತುಬಿಟ್ಟಿತು.

ದೋಣಿ ಬಂಡೆ ಬಿಟ್ಟು ನಾಲ್ಕು ಮಾರು ಹೋಗಿತ್ತು. ಆಗ ಮುಚ್ಚಳದ ಸದ್ದಾಯಿತು. ಟಣ್, ಟಣ್, ಟಣ್. ನಾನು ಗುಡ್ಡ ನೋಡುತ್ತಿದ್ದೆ, ದೊಡ್ಡಪ್ಪ ಹಾಯಿ ನೋಡುತ್ತಿದ್ದ, ತೆರೆಗೆ ತಪ್ಪಲೆ ಉರುಳಿತೆಂದುಕೊಂಡೆವು. ಪೊದೆಯಿಂದ ಬಿಳಿ ಕಿವಿ ಎದ್ದಿತು. ಹೋತ ಕಡಿದಾದ ಬಂಡೆಯನ್ನು ಮೆಟ್ಟಿಲಿನ ಹಾಗೆ ಇಳಿದು ಬಂದು, ಅಂಚಿನಲ್ಲಿ ಒಂದು ಗಳಿಗೆಯೂ ನಿಲ್ಲದೆ, ದೋಣಿಗೆ ಹಾರಿತು. ದೋಣಿ ಅಲ್ಲಿರಲಿಲ್ಲ. ನೀರಿಗೆ ಬಿತ್ತು.

"ಮುಟ್ಬೇಡ!" ದೊಡ್ಡಪ್ಪ ಚುಕ್ಕಾಣಿ ಬಿಟ್ಟು ಎದ್ದು ನಿಂತ. "ಅದು ದೇವರದ್ದು! ಯಾರೂ ಮುಟ್ಬೇಡಿ!"

ಹೋತ ಮೂಗು ಮೇಲೆ ಮಾಡಿ ಈಜುತ್ತಿತ್ತು. ಹೋಗುವ ತೆರೆ ಅದನ್ನು ನಮ್ಮ ಹತ್ತಿರ ತರುತ್ತಿತ್ತು, ಬರುವ ತೆರೆ ಚಿಪ್ಪಿನ ಬಂಡೆಯ ಕಡೆ ಎಳೆಯುತ್ತಿತ್ತು. ಎರಡು ಸಲ ಮುಳುಗಿ ಎದ್ದಿತು. ನಾನು ಹುಟ್ಟುಗಳನ್ನು ದಾಟಿ ಬದಿಗೆ ಬಗ್ಗಿದೆ.

"ಅದನ್ನ ಎತ್ತಿದ್ರೆ ಅದರ ಬದ್ಲಿಗೆ ನೀ ಹೋಗ್ತೆ, ಹೆಣ್ಣೇ! ಬರೋ ಮಳೆ ಕಾಣೂದಿಲ್ಲ ನೀನು!"

"ಹೋದ್ರೆ ನಾ ಹೋಗ್ತೆ! ನಿಂಗೆಂತ?"

ಅಪ್ಪ ಹುಟ್ಟನ್ನು ನೀರಿನಲ್ಲಿ ಬಲವಾಗಿ ಊರಿ ಹಿಡಿದು ಕೂತಿದ್ದ, ದೋಣಿ ನಿಂತಲ್ಲೇ ನಿಂತಿತ್ತು. ಭಯಕ್ಕೆ ಮರಗಟ್ಟಿದ್ದಾನೆ ಎಂದುಕೊಂಡೆ. ಮುಂದಿನ ತೆರೆಗೆ ಹೋತದ ಕೊಂಬು ನನ್ನ ಕೈಗೆ ಸಿಕ್ಕಿತು. ಎಳೆದೆ. ದೋಣಿ ವಾಲಿತು, ಅರ್ಧ ಕಡಲು ಒಳಗೆ ಬಂತು, ಅದರ ಜೊತೆಗೆ ಹೋತವೂ ಬಂತು. ಮೈ ಕೊಡವಿ ಮೂವರನ್ನೂ ತೋಯಿಸಿ, ನೇರ ತಪ್ಪಲೆಗೆ ಮೂತಿ ಇಟ್ಟಿತು.

ಬರುವ ದಾರಿಯುದ್ದಕ್ಕೂ ಒಳಗೆ ಬಂದ ನೀರನ್ನು ತೋಡಿ ಹೊರಗೆ ಚೆಲ್ಲಿದೆವು. ದಂಡೆ ಮುಟ್ಟಿದೊಡನೆ ದೊಡ್ಡಪ್ಪನ ಬಾಯಿ ತೆರೆಯಿತು. ನಾಲ್ಕು ಜನ ಹಿರಿಯರು ಸೇರಿದರು. ಹರಕೆ ಮುರಿದಿದೆ, ದೇವರ ಸೊತ್ತು ಕದ್ದು ತಂದ ಹಾಗಾಗಿದೆ, ಇದನ್ನು ಮತ್ತೆ ಒಯ್ದು ಬಿಡಬೇಕು ಎಂದರು. ಅಮ್ಮ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

"ದೇವ್ರಿಗೆ ಬೇಕಿದ್ರೆ ಇಟ್ಕಳ್ತಿದ್ದ. ಬೇಡ ಅಂತ ವಾಪಸ್ ಕಳ್ಸಿದ. ಕಡಲು ಅವಂದೇ ಅಲ್ವಾ? ಮುಳುಗ್ಸೂಕೆ ಬರ್ತಿರ್ಲಿಲ್ವಾ ಅವಂಗೆ?" ಎಂದೆ. ಯಾರೂ ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ. ಅವತ್ತಿನಿಂದ ನಾನು ಹೋತವನ್ನು ನನ್ನ ಚಾಪೆಯ ಪಕ್ಕದಲ್ಲೇ ಕಟ್ಟಿಕೊಂಡೆ. ಮೂರು ಸಲ ಒಯ್ಯಲು ಬಂದರು, ಮೂರು ಸಲವೂ ನನ್ನನ್ನೂ ಒಯ್ಯಿರಿ ಎಂದೆ. ಹೆಣ್ಣನ್ನು ಮತ್ತೊಮ್ಮೆ ದೋಣಿಗೆ ಹತ್ತಿಸುವ ಧೈರ್ಯ ದೊಡ್ಡಪ್ಪನಿಗೆ ಇರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ದೋಣಿಗಳು ದಂಡೆಯ ಮೇಲೆ ಬಂದವು.

ಆಷಾಢದಲ್ಲಿ ನನಗೆ ಜ್ವರ ಬಂತು.

ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನ ಮಧ್ಯಾಹ್ನ ಅಮ್ಮ ಗಂಜಿ ಒಲೆಯ ಮೇಲಿಟ್ಟು ಹಗ್ಗ ಹಿಡಿದು ಬಂದಳು. ಕಣ್ಣು ಅತ್ತು ಕೆಂಪಾಗಿತ್ತು. ದೋಣಿ ಹೋಗುವ ಕಾಲವಲ್ಲ, ಹಾಗಾಗಿ ದಂಡೆಯಿಂದಲೇ ಹೋತವನ್ನು ತೆರೆಗೆ ದೂಡುತ್ತೇನೆ, ನೇತ್ರಾಣಿಯವನು ಅಲ್ಲಿಂದಲೇ ತೆಗೆದುಕೊಳ್ಳಲಿ ಎಂದಳು. ಮಳೆಗಾಲದ ಆ ತೆರೆಯಲ್ಲಿ ಆನೆಯೂ ಉಳಿಯುವುದಿಲ್ಲ. ನಾನು ಏಳಲು ಹೋದೆ, ಕಾಲು ನಿಲ್ಲಲಿಲ್ಲ. ಹೋತದ ಕೊಂಬು ಹಿಡಿದುಕೊಂಡು ಚಾಪೆಯ ಮೇಲೇ ಕೂತೆ.

"ಬಿಡು ಅದನ್ನ. ತಪ್ಪು ಮಾಡ್ದವ್ಳು ನೀನು. ನಿನ್ನ ಮೈಮೇಲೆ ಬಂತು" ಎಂದು ಅಮ್ಮ ಹಗ್ಗ ಎಳೆದಳು.

ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ ಅಪ್ಪ ಎದ್ದು ಬಂದ.

"ತಪ್ಪು ಅವ್ಳದ್ದಲ್ಲ. ಮುಚ್ಚಳ ಬಡ್ದವ ನಾನು."

ಅಮ್ಮನಿಗೆ ಅರ್ಥವಾಗಲಿಲ್ಲ. ನನಗೂ ಕೂಡಲೇ ಆಗಲಿಲ್ಲ.

"ತಪ್ಪಲೇಲಿ ಗಂಜಿ ಇರ್ಲಿಲ್ಲ. ಹೋಗೂವಾಗ್ಲೇ ಉಂಡು, ಅಣ್ಣ ತೊಳ್ದಿಟ್ಟಿದ್ದ. ನಾನು ಖಾಲಿ ತಪ್ಪಲೆ ಬಡ್ದು ಕರ್ದೆ. ಆ ಎಲುಬು ಕಂಡ ಮೇಲೆ ನಂಗೆ ಬಿಟ್ಟು ಬರೂಕೆ ಆಗ್ಲಿಲ್ಲ. ಹರಕೆ ಮುರ್ದದ್ದು ನಾನು. ದೇವ್ರು ಎಂತ ಮಾಡೂದಿದ್ರೂ ನಂಗೆ ಮಾಡ್ಲಿ, ಇವ್ಳಿಗೆ ಯಾಕೆ?"

ಅಣ್ಣನ ಎದುರು ತಲೆ ಎತ್ತದ ನನ್ನ ಅಪ್ಪ! ಆ ದಿನ ಎದುರು ನಿಂತವಳು ನಾನೊಬ್ಬಳೇ ಎಂದು ನಾಲ್ಕು ತಿಂಗಳು ಬೀಗಿದ್ದೆ. ಅವನು ಹುಟ್ಟು ಊರಿ ದೋಣಿ ನಿಲ್ಲಿಸಿದ್ದು ಭಯಕ್ಕಲ್ಲ, ನನ್ನ ಕೈಗೆ ಕೊಂಬು ಸಿಗಲಿ ಎಂದು. ಅಳಬೇಕಿತ್ತು. ಆದರೆ ಬಾಯಿಯಿಂದ ಬಂದದ್ದು ಜಗಳ.

"ನೀ ಕರ್ದ್ರೆ ಎಂತ ಆತು? ಎಳ್ದವ್ಳು ನಾನು!"

"ಕರೀದಿದ್ರೆ ನೀ ಎಳೀತಿದ್ದದ್ದು ಎಂತದನ್ನ?"

"ಎಳೀದಿದ್ರೆ ನೀ ಕರ್ದು ಎಂತ ಆಗ್ತಿತ್ತು? ತಪ್ಪು ನಂದು!"

"ಅಲ್ಲ, ನಂದು!"

ಅಮ್ಮ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಜ್ವರದಲ್ಲೂ ನಾನು ಕೂಗುತ್ತಿದ್ದೆ, ಅವನೂ ಜೀವಮಾನದಲ್ಲಿ ಮೊದಲ ಸಲ ಕೂಗುತ್ತಿದ್ದ. ಅವಳ ಕೈಯಿಂದ ಹಗ್ಗ ಜಾರಿತು. "ಪಾಪಕ್ಕೂ ಪಾಲು ಕೇಳ್ತ್ರಲ್ಲ, ಹಾಳಾಗಿ ಹೋಗಿ ಇಬ್ರೂ" ಎಂದು ಒಲೆಯ ಕಡೆ ಹೋದಳು. ನನಗೆ ಮಾಡಿದ್ದ ಗಂಜಿಯ ತಪ್ಪಲೆ ಇಳಿಸಿ ಮುಚ್ಚಳ ತೆಗೆದಳು. ಆ ಸದ್ದಿಗೆ ಹೋತ ನನ್ನ ಕೈ ಬಿಡಿಸಿಕೊಂಡು ಓಡಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲು ಅದಕ್ಕೆ ಬಡಿಸಿದಳು.